ಹಲ್ಲು ಕೀಳಿಸಿಕೊಂಡು ಮನೆಗೆ ಬಂದ ಮೇಲೆ

(ದಾವಣಗೆರೆಯಲ್ಲಿ ಸಾರ್ವಜನಿಕರ ಮುಂದೆ ಮಾಡಿದ ಉಪನ್ಯಾಸ ಇದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡು ಬರೆದಿದ್ದೇನೆ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆ ನನ್ನ ಕೆಲಸ. ಆದರೆ ಇವತ್ತು ಆಪರೇಷನ್ ಬಗ್ಗೆ ಮಾತಾಡುವುದಿಲ್ಲ. ಕೆಳಗಿನ ದವಡೆಯ ಕೊನೆಯಲ್ಲಿ ಅಡ್ಡ ಮಲಗಿದ ಬುದ್ಧಿ ಹಲ್ಲನ್ನು ತೆಗೆಯೋದಕ್ಕೆ ಸಾಮಾನ್ಯವಾಗಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಸಾಕು. ಅಷ್ಟು ಹೊತ್ತು ಜವಾಬ್ದಾರಿ ನಮ್ಮದು. ಆಮೇಲಿನ ಒಂದು ವಾರ ನಿಮ್ಮ ಮನೆಯಲ್ಲಿ ಕಳೆಯುತ್ತದೆ. ಅಲ್ಲಿ ನಾವು ಇರುವುದಿಲ್ಲ. ಅಲ್ಲಿ ಅಜ್ಜಿ ಇರುತ್ತಾರೆ, ಪಕ್ಕದ ಮನೆಯವರು ಇರುತ್ತಾರೆ, ಮೊಬೈಲಿನಲ್ಲಿ ಬಂದ ವಿಡಿಯೋ ಇರುತ್ತದೆ, ಎಲ್ಲರೂ ಪ್ರೀತಿಯಿಂದಲೇ ಒಂದೊಂದು ಸಲಹೆ ಕೊಡುತ್ತಾರೆ. ಗಾಯ ಮಾಯುವುದೂ ಅಲ್ಲೇ, ಕೆಡುವುದೂ ಅಲ್ಲೇ.

ನಾವು ಕೊಡುವ ಸೂಚನೆಗಳ ಚೀಟಿ ಬಹಳ ಕಡೆ ಇನ್ನೂ ಇಂಗ್ಲಿಷಿನಲ್ಲೇ ಇದೆ. ಅದನ್ನು ಕೊಡುವುದೂ ಯಾವಾಗ? ರೋಗಿಯ ಬಾಯಲ್ಲಿ ಹತ್ತಿ ಇರುವಾಗ, ತುಟಿ ಮರಗಟ್ಟಿರುವಾಗ, ಭಯ ಪೂರ್ತಿ ಇಳಿಯದೇ ಇರುವಾಗ. ಆ ಹೊತ್ತಲ್ಲಿ ಯಾರ ತಲೆಗೂ ಏನೂ ಹೋಗುವುದಿಲ್ಲ. ಹಲ್ಲು ಕೀಳುವ ಮೊದಲೇ, ಜೊತೆಗೆ ಬಂದವರನ್ನು ಕೂರಿಸಿಕೊಂಡು, ಕನ್ನಡದಲ್ಲಿ ಹೇಳಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಿಮಗೆ ಯಾರೂ ಹಾಗೆ ಹೇಳದಿದ್ದರೆ ನೀವೇ ಕೇಳಿ. ಕೇಳುವುದು ನಿಮ್ಮ ಹಕ್ಕು.

ಮೊದಲು ಆ ಗಾಯದ ಒಳಗೆ ಏನಾಗುತ್ತದೆ ಅಂತ ನೋಡೋಣ. ಅದು ಗೊತ್ತಾದರೆ ಉಳಿದ ಸೂಚನೆಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಹಲ್ಲು ಹೊರಗೆ ಬಂದ ಮೇಲೆ ದವಡೆಯ ಮೂಳೆಯಲ್ಲಿ ಒಂದು ಗುಂಡಿ ಉಳಿಯುತ್ತದೆ. ಅದರಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಕಪ್ಪು ಕೆಂಪು ಬಣ್ಣ, ಮೆತ್ತಗೆ ಇರುತ್ತದೆ. ನೋಡಿದವರಿಗೆ ಇದು ಕೆಟ್ಟ ರಕ್ತ, ತೊಳೆದು ಹಾಕಬೇಕು ಅನಿಸುತ್ತದೆ. ಆದರೆ ಬರಿ ಮೂಳೆಗೆ ಇರುವ ಹೊದಿಕೆ ಅದೊಂದೇ. ಮೊದಲ ವಾರದಲ್ಲಿ ಅದರೊಳಗೆ ಸಣ್ಣ ಸಣ್ಣ ರಕ್ತನಾಳಗಳು ಬೆಳೆಯುತ್ತವೆ, ಹೊಸ ಮಾಂಸ ಬರುತ್ತದೆ. ಮೂರು ನಾಲ್ಕು ವಾರಗಳಲ್ಲಿ ಮೇಲ್ಗಡೆ ಒಸಡು ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಒಳಗೆ ಮೂಳೆ ತುಂಬಿಕೊಳ್ಳಲು ಮೂರು ನಾಲ್ಕು ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ಇಷ್ಟೆಲ್ಲ ಶುರುವಾಗುವುದು ಆ ಹೆಪ್ಪಿನಿಂದ.

ರಾತ್ರಿ ಹಾಲಿಗೆ ಹೆಪ್ಪು ಹಾಕಿಟ್ಟ ಪಾತ್ರೆಯನ್ನು ಗಂಟೆಗೊಮ್ಮೆ ಅಲ್ಲಾಡಿಸಿ ನೋಡುತ್ತೀರಾ? ಇಲ್ಲ ಅಲ್ವಾ. ಈ ಗುಂಡಿಯನ್ನೂ ಹಾಗೇ ಸುಮ್ನೆ ಬಿಡಬೇಕು. ಮೊದಲ 24 ಗಂಟೆ ಅಂತೂ ಅದಕ್ಕೆ ಏನೂ ಮಾಡಬಾರದು. ತೊಳೆಯಬೇಡಿ, ಒರೆಸಬೇಡಿ, ಅರಿಶಿನ ತುಂಬಬೇಡಿ, ಕಾಫಿಪುಡಿ ಹಾಕಬೇಡಿ, ನಾಲಿಗೆಯಿಂದ ಮುಟ್ಟಿ ನೋಡಬೇಡಿ. ಇವತ್ತು ನಾನು ಹೇಳಲು ಬಂದಿರುವುದರಲ್ಲಿ ಮುಖ್ಯವಾದದ್ದು ಇದೇ. ಉಳಿದದ್ದೆಲ್ಲ ಇದರ ವಿವರ.

ನಾವು ಇಡುವ ಹತ್ತಿಯಿಂದ ಶುರು ಮಾಡೋಣ. ಅದು ನಿಜವಾಗಿ ಮಡಿಸಿದ ಗಾಜ್ ಬಟ್ಟೆ, ಆದರೆ ಎಲ್ಲರೂ ಹತ್ತಿ ಅಂತಲೇ ಕರೆಯುತ್ತಾರೆ. ರಕ್ತ ನಿಲ್ಲಿಸುವುದು ಆ ಬಟ್ಟೆ ಅಲ್ಲ, ನೀವು ಕಚ್ಚುವ ಒತ್ತಡ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಗಟ್ಟಿಯಾಗಿ, ಬಿಡದೆ ಕಚ್ಚಿಕೊಂಡಿರಬೇಕು. ಹತ್ತು ನಿಮಿಷಕ್ಕೊಮ್ಮೆ ತೆಗೆದು 'ಇನ್ನೂ ಬರ್ತಾ ಇದೆಯಾ' ಅಂತ ನೋಡಿದರೆ ಪ್ರತಿ ಸಲವೂ ಹೆಪ್ಪು ಕಿತ್ತು ಬರುತ್ತದೆ, ಮತ್ತೆ ಮೊದಲಿಂದ ಶುರು. ಹತ್ತಿ ಬಾಯಲ್ಲಿದ್ದಾಗ ಮಾತೂ ಬೇಡ. ಫೋನ್ ಬಂದರೆ ಜೊತೆಯವರು ಎತ್ತಲಿ.

ಜಗಳೂರು, ಚನ್ನಗಿರಿ, ಹರಪನಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುವವರು ಇಲ್ಲಿ ಬಹಳ ಜನ ಇದ್ದೀರಿ. ವಾಪಸ್ ಹೋಗುವಾಗ ಆಗುವುದನ್ನು ನೀವೂ ನೋಡಿರುತ್ತೀರಿ. ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಉಗುಳುತ್ತಾ ಹೋಗುವುದು. ಬಾಯಲ್ಲಿ ರಕ್ತದ ರುಚಿ ಬಂದರೆ ಉಗುಳಬೇಕು ಅನಿಸುವುದು ಸಹಜ. ನುಂಗು ಅಂದರೆ ಅಸಹ್ಯ ಅನಿಸುತ್ತದೆ. ಆದರೆ ಉಗುಳುವಾಗ ಕೆನ್ನೆಯನ್ನು ಒಳಗೆ ಎಳೆದುಕೊಳ್ಳುತ್ತೇವೆ, ಆ ಸೆಳೆತಕ್ಕೆ ಹೆಪ್ಪು ಸಡಿಲವಾಗುತ್ತದೆ, ಮತ್ತೆ ರಕ್ತ ಒಸರುತ್ತದೆ, ಮತ್ತೆ ಉಗುಳಬೇಕು ಅನಿಸುತ್ತದೆ, ಮನೆ ಮುಟ್ಟುವ ಹೊತ್ತಿಗೆ 'ರಕ್ತ ನಿಲ್ತಾನೇ ಇಲ್ಲ' ಅಂತ ಗಾಬರಿಯಾಗಿ ಫೋನ್ ಬರುತ್ತದೆ. ಎಂಜಲನ್ನು ಸುಮ್ನೆ ನುಂಗಿಬಿಡಿ. ಎರಡು ಹನಿ ರಕ್ತ ಬಾಯಿ ತುಂಬ ಎಂಜಲನ್ನು ಕೆಂಪು ಮಾಡುತ್ತದೆ, ನೋಡಲು ಭಯ, ಅಷ್ಟೇ. ಮೊದಲ ದಿನ ಎಂಜಲು ಗುಲಾಬಿ ಬಣ್ಣಕ್ಕೆ ಇರುವುದು, ಬೆಳಗ್ಗೆ ಎದ್ದಾಗ ದಿಂಬಿನ ಮೇಲೆ ಸ್ವಲ್ಪ ಕಲೆ ಇರುವುದು ಮಾಮೂಲು.

ಮನೆಯಲ್ಲಿ ಮತ್ತೆ ರಕ್ತ ಜಾಸ್ತಿ ಅನಿಸಿದರೆ ನೆಟ್ಟಗೆ ಕೂತುಕೊಳ್ಳಿ. ಆಸ್ಪತ್ರೆಯಲ್ಲಿ ಕೊಟ್ಟ ಗಾಜ್ ಒದ್ದೆ ಮಾಡಿ ಹಿಂಡಿ, ಗಾಯದ ಮೇಲೆ ಸರಿಯಾಗಿ ಕೂರಿಸಿ ಮತ್ತೆ ಒಂದು ಗಂಟೆ ಕಚ್ಚಿ. ಗಾಜ್ ಇಲ್ಲದಿದ್ದರೆ ಡಿಪ್ ಟೀ ಚೀಲವನ್ನು ನೀರಲ್ಲಿ ಅದ್ದಿ, ಹಿಂಡಿ, ಅದನ್ನೇ ಕಚ್ಚಬಹುದು. ಚಹಾದಲ್ಲಿರುವ ಟ್ಯಾನಿನ್ ರಕ್ತ ಹೆಪ್ಪುಗಟ್ಟಲು ನೆರವಾಗುತ್ತದೆ. ಅದಕ್ಕೂ ನಿಲ್ಲದೆ ಬಾಯಿ ತುಂಬಿ ಬರುತ್ತಿದ್ದರೆ ರಾತ್ರಿ ಎಷ್ಟೇ ಹೊತ್ತಾಗಿರಲಿ ಹೊರಡಿ. ಬೆಳಗಾಗಲಿ ಅಂತ ಕಾಯಬೇಡಿ.

ಇನ್ನು ಎಳನೀರು. ಯಾರಿಗೆ ಹುಷಾರಿಲ್ಲ ಅಂದರೂ ನಾವು ಮೊದಲು ತರುವುದು ಎಳನೀರು. ಒಳ್ಳೆಯದೇ, ತಂಪು, ಅಗಿಯುವ ಕೆಲಸ ಇಲ್ಲ. ಆದರೆ ಸ್ಟ್ರಾ ಹಾಕಿ ಕುಡಿಯಬೇಡಿ. ಹೀರುವಾಗಲೂ ಅದೇ ಸೆಳೆತ. ಲೋಟಕ್ಕೆ ಸುರಿದು ಕುಡಿಯಿರಿ. ಜ್ಯೂಸ್ ಡಬ್ಬಿಗೂ ಇದೇ ಮಾತು. ಒಂದು ವಾರ ಸ್ಟ್ರಾ ಮನೆಗೇ ತರಬೇಡಿ. ಬೀಡಿ ಸಿಗರೇಟಿನಲ್ಲಿ ಹೀರುವುದೂ ಇದೆ, ಜೊತೆಗೆ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಗಾಯಕ್ಕೆ ಬರಬೇಕಾದ ರಕ್ತವೇ ಕಮ್ಮಿಯಾಗುತ್ತದೆ.

ಈ ಹೆಪ್ಪು ಬೇಗ ಕಳಚಿಹೋದರೆ ಏನಾಗುತ್ತದೆ? ಡ್ರೈ ಸಾಕೆಟ್ ಅಂತ ಕರೆಯುವ ತೊಂದರೆ ಶುರುವಾಗುತ್ತದೆ. 1896ರಲ್ಲಿ ಕ್ರಾಫರ್ಡ್ ಎಂಬುವರು ಇದನ್ನು ಮೊದಲು ವಿವರಿಸಿದರು. ಅದರ ಲಕ್ಷಣ ನೆನಪಿಟ್ಟುಕೊಳ್ಳಿ. ಹಲ್ಲು ಕಿತ್ತ ದಿನ ನೋವು ಇರುತ್ತದೆ, ಮಾರನೇ ದಿನ ಸ್ವಲ್ಪ ಕಡಿಮೆ ಆಗುತ್ತದೆ, ಪರವಾಗಿಲ್ಲ ಅಂದುಕೊಳ್ಳುವಷ್ಟರಲ್ಲಿ ಎರಡನೇ ದಿನದಿಂದ ನಾಲ್ಕನೇ ದಿನದ ಒಳಗೆ ನೋವು ಏಕಾಏಕಿ ಏರುತ್ತದೆ. ಕಿವಿಗೆ, ಕಪಾಳಕ್ಕೆ ಎಳೆಯುತ್ತದೆ, ರಾತ್ರಿ ನಿದ್ದೆ ಬಿಡುವುದಿಲ್ಲ, ಬಾಯಿ ವಾಸನೆ ಬರುತ್ತದೆ, ಮಾತ್ರೆಗೆ ಜಗ್ಗುವುದಿಲ್ಲ. ಸಾಮಾನ್ಯ ಹಲ್ಲು ಕಿತ್ತಾಗ ಇದು 100 ಜನರಲ್ಲಿ 1ರಿಂದ 5 ಜನರಿಗೆ ಆಗಬಹುದು. ಕೆಳಗಿನ ಬುದ್ಧಿ ಹಲ್ಲಿನಲ್ಲಿ ಅದಕ್ಕಿಂತ ಬಹಳ ಜಾಸ್ತಿ. ಸೇದುವವರಿಗೆ, ಗರ್ಭನಿರೋಧಕ ಮಾತ್ರೆ ತಗೊಳ್ಳುವ ಹೆಣ್ಣುಮಕ್ಕಳಿಗೆ ಸಾಧ್ಯತೆ ಹೆಚ್ಚು. ಎಲ್ಲವನ್ನೂ ಸರಿಯಾಗಿ ಪಾಲಿಸಿದವರಿಗೂ ಕೆಲವೊಮ್ಮೆ ಆಗುತ್ತದೆ, ಅದಕ್ಕೆ ಮನೆಯಲ್ಲಿ ಯಾರನ್ನೂ ಬಯ್ಯಬೇಡಿ. ಮನೆಯಲ್ಲಿ ಕೂತು ಸಹಿಸಲೂ ಬೇಡಿ. ಆಸ್ಪತ್ರೆಗೆ ಬಂದರೆ ಗುಂಡಿಯನ್ನು ನಿಧಾನಕ್ಕೆ ತೊಳೆದು ಔಷಧಿಯ ಬತ್ತಿ ಇಡುತ್ತೇವೆ. ಬಹಳ ಜನರಿಗೆ ಸ್ವಲ್ಪ ಹೊತ್ತಿನಲ್ಲೇ ಹಾಯ್ ಅನಿಸುತ್ತದೆ. ಆ ಬತ್ತಿಯಲ್ಲಿ ಹೆಚ್ಚಾಗಿ ಇರುವುದು ಲವಂಗದ ಎಣ್ಣೆಯ ಸತ್ವ, ಯೂಜಿನಾಲ್. ಹಾಗಂತ ಮನೆಯಲ್ಲೇ ಲವಂಗದ ಎಣ್ಣೆ ಸುರಿಯಬೇಡಿ, ಅಳತೆ ತಪ್ಪಿದರೆ ಅದೇ ಒಸಡನ್ನು ಸುಡುತ್ತದೆ.

ಮರಗಟ್ಟಿದ ತುಟಿಯ ವಿಷಯ. ಕೆಳಗಿನ ದವಡೆಗೆ ಕೊಟ್ಟ ಇಂಜೆಕ್ಷನ್ನಿನ ಜೋಮು ಎರಡರಿಂದ ನಾಲ್ಕು ಗಂಟೆ, ಕೆಲವರಿಗೆ ಇನ್ನೂ ಸ್ವಲ್ಪ ಹೊತ್ತು ಇರುತ್ತದೆ. ಆ ಹೊತ್ತಲ್ಲಿ ಬಿಸಿ ಕಾಫಿ ಕುಡಿದರೆ ಸುಟ್ಟಿದ್ದೂ ಗೊತ್ತಾಗುವುದಿಲ್ಲ. ಚಿಕ್ಕ ಮಕ್ಕಳು ತುಟಿಯನ್ನೇ ಅಗಿದು ಗಾಯ ಮಾಡಿಕೊಳ್ಳುತ್ತಾರೆ, ಜೋಮು ಇಳಿಯುವ ತನಕ ತಾಯಂದಿರು ಪಕ್ಕದಲ್ಲೇ ಇರಿ.

ಜೋಮು ಇಳಿಯುವ ಮೊದಲೇ ಮೊದಲ ನೋವಿನ ಮಾತ್ರೆ ನುಂಗಿ. ನೋವು ಬರಲಿ, ನೋಡೋಣ ಅಂತ ಕಾಯಬೇಡಿ. ಮಾತ್ರೆ ಕೆಲಸ ಶುರು ಮಾಡಲು ಅರ್ಧ ಗಂಟೆಗೂ ಮೇಲೆ ಬೇಕು, ಅಷ್ಟರಲ್ಲಿ ನೋವು ಏರಿ ಕೂತರೆ ಇಳಿಸುವುದು ಕಷ್ಟ. ಇದಕ್ಕೆ ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಎರಡನ್ನೂ ಸೇರಿಸಿ ಕೊಡುವುದು ಬಹಳ ಒಳ್ಳೆಯ ಜೋಡಿ ಅಂತ ದಂತವೈದ್ಯಕೀಯದಲ್ಲಿ ಈಗ ಒಪ್ಪಿಕೊಂಡಿದ್ದಾರೆ. ಆದರೆ ಕಿಡ್ನಿ ತೊಂದರೆ, ಹೊಟ್ಟೆಯ ಹುಣ್ಣು, ಆಸ್ತಮಾ ಇರುವವರು, ಗರ್ಭಿಣಿಯರು ಐಬುಪ್ರೊಫೆನ್ ಅನ್ನು ಕೇಳದೆ ತಗೊಳ್ಳಬಾರದು. ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಹಲ್ಲು ಕಿತ್ತ ಮೇಲೆ ಜ್ವರ ಬಂತು, ಊರಲ್ಲಿ ಡೆಂಗ್ಯೂ ಇದೆ ಅಂದರೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ನಿಲ್ಲಿಸಿ ವೈದ್ಯರಿಗೆ ತೋರಿಸಿ, ಅವು ರಕ್ತಸ್ರಾವವನ್ನು ಹೆಚ್ಚಿಸಬಹುದು. ನೋವಿಗೆ ಅಂತ ಆಸ್ಪಿರಿನ್ ನುಂಗಲೇಬೇಡಿ.

ಮೆಡಿಕಲ್ ಶಾಪಿನಲ್ಲಿ 'ಹಲ್ಲು ನೋವಿಗೆ ಏನಾದ್ರೂ ಕೊಡಿ' ಅಂದಾಗ ಕೊಡುವ ಎಷ್ಟೋ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಆಗಲೇ ಸೇರಿರುತ್ತದೆ. ಅದು ಗೊತ್ತಿಲ್ಲದೆ ಮೇಲೊಂದು ಡೋಲೋ 650 ನುಂಗುತ್ತಾರೆ. ಆರೋಗ್ಯವಾಗಿರುವ ದೊಡ್ಡವರಿಗೂ ದಿನಕ್ಕೆ ಪ್ಯಾರಾಸಿಟಮಾಲ್ 4 ಗ್ರಾಂ ದಾಟಬಾರದು, ದಾಟಿದರೆ ಪೆಟ್ಟು ಬೀಳುವುದು ಲಿವರಿಗೆ. ಮದ್ಯ ಕುಡಿಯುವ ಅಭ್ಯಾಸ ಇರುವವರಿಗೆ ಅದಕ್ಕಿಂತ ಕಡಿಮೆ ತಗೊಂಡರೂ ಅಪಾಯ. ಸ್ಟ್ರಿಪ್ಪಿನ ಹಿಂದೆ ಬರೆದಿರುವುದನ್ನು ಓದಿ, ಓದಲು ಬರದಿದ್ದರೆ ಮಕ್ಕಳಿಂದ ಓದಿಸಿ. ಆಂಟಿಬಯೋಟಿಕ್ ಎಲ್ಲರಿಗೂ ಬೇಕಾಗುವುದಿಲ್ಲ. ಬರೆದುಕೊಟ್ಟಿದ್ದರೆ ಹೇಳಿದಷ್ಟು ದಿನ ಪೂರ್ತಿ ತಗೊಳ್ಳಿ, ನೋವು ಹೋಯ್ತು ಅಂತ ಅರ್ಧಕ್ಕೆ ಬಿಟ್ಟು ಉಳಿದದ್ದನ್ನು ಮುಂದೆ ಯಾರಿಗಾದರೂ ಬೇಕಾಗುತ್ತೆ ಅಂತ ಡಬ್ಬಿಯಲ್ಲಿ ಇಡಬೇಡಿ. ಮೆಟ್ರೊನಿಡಜೋಲ್ ಕೊಟ್ಟಿದ್ದರೆ ಮದ್ಯ ಪೂರ್ತಿ ಬಂದ್. ವಾಂತಿ, ಎದೆ ಬಡಿತ ಆಗಬಹುದು.

ಊತ. ಮೂರನೇ ದಿನ ನಮಗೆ ಬರುವ ಫೋನುಗಳೆಲ್ಲ ಇದರ ಬಗ್ಗೆಯೇ. 'ನಿನ್ನೆಗಿಂತ ಇವತ್ತು ಜಾಸ್ತಿ ಆಗಿದೆ, ಏನೋ ಹೆಚ್ಚುಕಮ್ಮಿ ಆಗಿದೆ' ಅಂತ. ಮೂಳೆ ಕೊರೆದು ತೆಗೆದ ಹಲ್ಲಾದರೆ ಊತ ತುತ್ತತುದಿ ಮುಟ್ಟುವುದೇ 48ರಿಂದ 72 ಗಂಟೆಯ ಹೊತ್ತಿಗೆ. ಆಮೇಲೆ ಇಳಿಯುತ್ತದೆ, ವಾರದಲ್ಲಿ ಬಹುಪಾಲು ಹೋಗುತ್ತದೆ. ವಯಸ್ಸಾದವರಿಗೆ ಕೆನ್ನೆ, ಕುತ್ತಿಗೆ ಮೇಲೆ ನೀಲಿ, ಆಮೇಲೆ ಹಳದಿ ಕಲೆ ಬರುತ್ತದೆ. ಒಳಗಿನ ರಕ್ತ ಚರ್ಮದಡಿ ಇಳಿದದ್ದು, ತಾನೇ ಹೋಗುತ್ತದೆ. ಬಾಯಿ ಪೂರ್ತಿ ತೆರೆಯಲು ಆಗುವುದಿಲ್ಲ, ದವಡೆ ಬಿಗಿದಿರುತ್ತದೆ. ಇದೂ ಮಾಮೂಲು.

ಊತ ಕಂಡ ತಕ್ಷಣ ಮನೆಯಲ್ಲಿ ಹಂಚಿನ ಮೇಲೆ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಕಾವು ಕೊಡಲು ಶುರು ಮಾಡುತ್ತಾರೆ. ಮೊದಲ ದಿನ ದಯವಿಟ್ಟು ಬೇಡ. ಬಿಸಿಗೆ ರಕ್ತನಾಳ ಹಿಗ್ಗಿ ರಕ್ತವೂ ಊತವೂ ಜಾಸ್ತಿಯಾಗುತ್ತವೆ. ಮೊದಲ 24 ಗಂಟೆ ಐಸ್ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಕೆನ್ನೆಯ ಹೊರಗಡೆ 15-20 ನಿಮಿಷ ಇಡಿ, ಅಷ್ಟೇ ಹೊತ್ತು ಬಿಡಿ, ಮತ್ತೆ ಇಡಿ. ಫ್ರಿಜ್ ಇಲ್ಲದಿದ್ದರೆ ಮಡಕೆ ನೀರಲ್ಲಿ ಅದ್ದಿದ ಬಟ್ಟೆಯೂ ಆಗುತ್ತದೆ. ಎರಡು ದಿನ ಕಳೆದ ಮೇಲೆ, ದವಡೆ ಬಿಗಿತ ಬಿಡಿಸಲು ಹದವಾದ ಬಿಸಿ ಶಾಖ ಒಳ್ಳೆಯದು. ಅಜ್ಜಿಯ ಉಪ್ಪಿನ ಕಾವಿಗೆ ಆಗ ಜಾಗ ಇದೆ. ಮಲಗುವಾಗ ಎರಡು ದಿಂಬು ಹಾಕಿ ತಲೆ ಎತ್ತರಕ್ಕಿಡಿ. ಎರಡು ಮೂರು ದಿನ ಮೂಟೆ ಹೊರುವುದು, ಗದ್ದೆಯಲ್ಲಿ ಬಗ್ಗಿ ಕೆಲಸ, ಜಿಮ್ಮು ಯಾವುದೂ ಬೇಡ.

ಈಗ ಊಟ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಯಾಕೆಂದರೆ ವೈದ್ಯರು ಹೇಳುವುದಕ್ಕೂ ಮನೆಯವರು ಹೇಳುವುದಕ್ಕೂ ತಿಕ್ಕಾಟ ಆಗುವುದು ಇಲ್ಲೇ.

ನಾವು ತಣ್ಣಗಿನದು ಕೊಡಿ ಅಂತೀವಿ. ಮನೆಯಲ್ಲಿ 'ಮೊಸರು ಶೀತ, ಬಾಳೆಹಣ್ಣು ಶೀತ, ಐಸ್‌ಕ್ರೀಮ್ ಅಂತೂ ಬೇಡವೇ ಬೇಡ, ಕೀವಾಗುತ್ತೆ' ಅಂತಾರೆ. ಬದನೆಕಾಯಿ, ಕುಂಬಳಕಾಯಿ, ಮೀನು, ಶೇಂಗಾ ಎಲ್ಲ ನಂಜು. ಕೊನೆಗೆ ರೋಗಿಗೆ ಉಳಿಯುವುದು ಬಿಸಿ ಬಿಸಿ ಗಂಜಿ ಮತ್ತು ಬ್ರೆಡ್ಡು. ಈ ಮಾತುಗಳ ಹಿಂದೆ ಇರುವ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಗಾಯದಲ್ಲಿ ಕೀವಾದರೆ ಔಷಧಿಯೇ ಇಲ್ಲದಿದ್ದ ಕಾಲದಲ್ಲಿ ಜನ ಕಂಡಕಂಡಿದ್ದಕ್ಕೆಲ್ಲ ಹೆದರಿದ್ದರೆ ಅದರಲ್ಲಿ ಆಶ್ಚರ್ಯ ಇಲ್ಲ. ಆದರೆ ಕೀವು ಆಗುವುದು ಬ್ಯಾಕ್ಟೀರಿಯಾದಿಂದ, ಮೊಸರಿನಿಂದ ಅಲ್ಲ. ನಿಮಗೆ ಯಾವುದಾದರೂ ಪದಾರ್ಥಕ್ಕೆ ಅಲರ್ಜಿ ಇದ್ದರೆ ಅದನ್ನು ಬಿಡಿ. ಉಳಿದಂತೆ ಗಾಯ ಮಾಯಲು ಪ್ರೋಟೀನ್ ಬೇಕು. ಬೇಳೆ, ಮೊಸರು, ಹಾಲು, ಮೊಟ್ಟೆ ಎಲ್ಲ ಬಿಟ್ಟು ಬರೀ ಗಂಜಿ ತಿಳಿ ಕುಡಿದರೆ ಗಾಯಕ್ಕೆ ಬೇಕಾದದ್ದು ಎಲ್ಲಿಂದ ಬರಬೇಕು?

ಮೊದಲ ದಿನ ತಣ್ಣಗಿನ ಹಾಲು, ಮಜ್ಜಿಗೆ, ಆರಿಸಿದ ರಾಗಿ ಅಂಬಲಿ, ಬೀಜ ತೆಗೆದ ಸಪೋಟ ಹಣ್ಣಿನ ಮಿಲ್ಕ್‌ಶೇಕ್, ಐಸ್‌ಕ್ರೀಮ್ ಚಮಚದಲ್ಲಿ. ಐಸ್‌ಕ್ರೀಮಿನಲ್ಲಿ ಗೋಡಂಬಿ ಬಾದಾಮಿ ಚೂರು ಇಲ್ಲದ್ದನ್ನು ನೋಡಿ ತನ್ನಿ. ಸಂಜೆಗೆ ಅಥವಾ ಮಾರನೇ ದಿನಕ್ಕೆ ಚೆನ್ನಾಗಿ ಕಿವುಚಿದ ಮೊಸರನ್ನ. ಇದಕ್ಕೆ ಒಗ್ಗರಣೆ ಹಾಕಬೇಡಿ. ಸಾಸಿವೆ ಕಾಳು ಆ ಗುಂಡಿಯೊಳಗೆ ಹೋಗಿ ಕೂತರೆ ತೆಗೆಯುವುದು ಎಷ್ಟು ಕಷ್ಟ ಅಂತ ನಮಗೆ ಗೊತ್ತು. ದಾಳಿಂಬೆ, ಎಳ್ಳು, ಸೀಬೆಹಣ್ಣಿನ ಬೀಜ, ರವೆಯ ಒರಟು ಕಾಳು ಎಲ್ಲದಕ್ಕೂ ಇದೇ ಕಾರಣ. ಹಾಲಲ್ಲಿ ನೆನೆಸಿದ ಇಡ್ಲಿ, ನುಣ್ಣಗೆ ಬೆಂದ ಹೆಸರುಬೇಳೆ ಕಟ್ಟು, ಪಚ್ಚಬಾಳೆ, ಪಪ್ಪಾಯಿ, ಅರೆಬೆಂದ ಮೊಟ್ಟೆಯ ಬದಲು ಪೂರ್ತಿ ಬೆಂದು ಕಿವುಚಿದ ಮೊಟ್ಟೆ, ಇವೆಲ್ಲ ಎರಡನೇ ಮೂರನೇ ದಿನಕ್ಕೆ ಚೆನ್ನಾಗಿ ಆಗುತ್ತವೆ.

ರಾಗಿ ಮುದ್ದೆ ತಿನ್ನುವವರಿಗೆ ಒಂದು ಅನುಕೂಲ ಇದೆ, ಮುದ್ದೆಯನ್ನು ಹೇಗೂ ಅಗಿಯುವುದಿಲ್ಲ, ನುಂಗುತ್ತೀರಿ. ಎರಡು ದಿನ ಕಳೆದ ಮೇಲೆ ಮೆತ್ತಗಿನ, ಆರಿದ ಮುದ್ದೆ, ಖಾರ ಇಲ್ಲದ ಬೇಳೆ ಸಾರಿನ ಜೊತೆ ಧಾರಾಳವಾಗಿ ಕೊಡಿ. ಬಿಸಿ ಮುದ್ದೆ, ಖಾರದ ಬಸ್ಸಾರು ಮುಂದಿನ ವಾರಕ್ಕಿರಲಿ. ಜೋಳದ ಊಟದವರಿಗೆ ಕಷ್ಟ ಜಾಸ್ತಿ. ಕಟಕ್ ರೊಟ್ಟಿಯ ಚೂರು ಗಾಯಕ್ಕೆ ಚುಚ್ಚುತ್ತದೆ. ಜೋಳದ ನುಚ್ಚನ್ನು ನೀರಾಗಿ ಬೇಯಿಸಿ ಮಜ್ಜಿಗೆ ಕಲಸಿ ಕೊಡಿ, ಇಲ್ಲವೇ ಮೆತ್ತನೆ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಕಿವುಚಿ. ಕರಾವಳಿಯ ಕಡೆಯವರು ಕುಚ್ಚಲಕ್ಕಿ ಗಂಜಿಯ ಅಗುಳನ್ನು ಮಿಕ್ಸಿಗೆ ಹಾಕಿ ಕೊಡಿ. ಮತ್ತೆ ಈ ಊರಲ್ಲಿ ನಿಂತು ಈ ಮಾತು ಹೇಳುವುದು ಸುಲಭ ಅಲ್ಲ, ಆದರೂ ಹೇಳಬೇಕು. ಮಂಡಕ್ಕಿ, ಮಿರ್ಚಿ ಎರಡು ವಾರ ಬೇಡ. ಬೆಣ್ಣೆ ದೋಸೆಯ ನಡುಭಾಗ ಮೆತ್ತಗಿರುತ್ತದೆ, ಅಂಚಿನ ಗರಿ ಬಿಟ್ಟು ಅದನ್ನು ನಾಲ್ಕೈದು ದಿನದ ಮೇಲೆ ಇನ್ನೊಂದು ಪಕ್ಕದಲ್ಲಿ ಅಗಿದು ತಿನ್ನಬಹುದು.

ಸಕ್ಕರೆ ಕಾಯಿಲೆ ಇರುವವರ ಮನೆಯವರು ಇಲ್ಲಿ ಗಮನ ಕೊಡಿ. ಬಾಯಿ ನೋವು ಅಂತ ಊಟ ಬಿಟ್ಟು, ಶುಗರ್ ಮಾತ್ರೆ ಅಥವಾ ಇನ್ಸುಲಿನ್ ಮಾತ್ರ ಎಂದಿನಂತೆ ತಗೊಂಡರೆ ಸಕ್ಕರೆ ಕುಸಿದು ಬೆವರಿ, ನಡುಗಿ, ಎಚ್ಚರ ತಪ್ಪಬಹುದು. ಇದಕ್ಕೆ ಉಲ್ಟಾ, ಇಡೀ ದಿನ ಜ್ಯೂಸು, ಗಂಜಿ, ಐಸ್‌ಕ್ರೀಮೇ ಆದರೆ ಸಕ್ಕರೆ ಏರಿ ಗಾಯ ಮಾಯುವುದು ನಿಧಾನ ಆಗುತ್ತದೆ, ಸೋಂಕೂ ಬೇಗ ಹತ್ತುತ್ತದೆ. ಹಲ್ಲು ಕೀಳಿಸುವ ಮೊದಲೇ ಆ ವಾರ ಏನು ತಿನ್ನಬೇಕು, ಮಾತ್ರೆ ಎಷ್ಟು ಅಂತ ನಿಮ್ಮ ಡಾಕ್ಟರ ಹತ್ತಿರ ಮಾತಾಡಿ. ಮಜ್ಜಿಗೆ, ಬೇಳೆ ಕಟ್ಟು, ಮೊಟ್ಟೆ ಹೆಚ್ಚಿಗೆ ಇರಲಿ.

ಸ್ವಚ್ಛತೆಯ ವಿಷಯ. 24 ಗಂಟೆ ಕಳೆದ ಮೇಲೆ ಉಪ್ಪುನೀರು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ನಾವು ಊಟ ಆದ ಮೇಲೆ ಗಳಗಳ ಅಂತ ಮುಕ್ಕಳಿಸಿ ದೂರಕ್ಕೆ ಉಗುಳುತ್ತೀವಲ್ಲ, ಹಾಗಲ್ಲ. ನೀರು ಬಾಯಲ್ಲಿ ತುಂಬಿಕೊಂಡು ತಲೆಯನ್ನು ಆ ಕಡೆ ಈ ಕಡೆ ನಿಧಾನಕ್ಕೆ ವಾಲಿಸಿ, ಬೇಸಿನ್ ಮೇಲೆ ಬಾಯಿ ತೆರೆಯಿರಿ, ನೀರು ತಾನೇ ಬೀಳಲಿ. ದಿನಕ್ಕೆ ನಾಲ್ಕೈದು ಸಲ, ಅದರಲ್ಲೂ ಏನಾದರೂ ತಿಂದ ಮೇಲೆ. ಮಾರನೇ ದಿನದಿಂದ ಉಳಿದ ಹಲ್ಲುಗಳನ್ನು ಮೆತ್ತಗಿನ ಬ್ರಷ್ಷಿನಿಂದ ಉಜ್ಜಿ. ನೋವು ಅಂತ ವಾರಗಟ್ಟಲೆ ಬ್ರಷ್ ಮಾಡದೆ ಬರುವವರ ಬಾಯಲ್ಲಿ ಗಾಯದ ಸುತ್ತ ಕೊಳೆ ಕಟ್ಟಿರುತ್ತದೆ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಕೊಟ್ಟಿದ್ದರೆ ಪೇಸ್ಟ್ ಹಾಕಿ ಉಜ್ಜಿದ ಅರ್ಧ ಗಂಟೆಯ ನಂತರ ಬಳಸಿ, ಪೇಸ್ಟಿನ ನೊರೆ ಅದರ ಶಕ್ತಿ ಕಡಿಮೆ ಮಾಡುತ್ತದೆ. ಅದನ್ನು ಬಳಸುವಾಗ ಕಾಫಿ ಚಹಾ ಜಾಸ್ತಿ ಕುಡಿದರೆ ಹಲ್ಲಿಗೆ ಕಂದು ಕಲೆ ಹತ್ತಬಹುದು, ಕ್ಲೀನ್ ಮಾಡಿಸಿದರೆ ಹೋಗುತ್ತದೆ.

ಮೂರು ನಾಲ್ಕು ದಿನಕ್ಕೆ ಮೊಬೈಲ್ ಟಾರ್ಚ್ ಹಾಕಿ ನೋಡಿದಾಗ ಗಾಯದ ಮೇಲೆ ಬಿಳಿ ಅಥವಾ ತಿಳಿ ಹಳದಿ ಪದರ ಕಾಣುತ್ತದೆ. ಬಹಳ ಜನ ಅದನ್ನು ಕೀವು ಅಂದುಕೊಂಡು ಹತ್ತಿಯಲ್ಲಿ ಉಜ್ಜಿ ತೆಗೆಯುತ್ತಾರೆ. ಅದು ಕೀವಲ್ಲ, ಫೈಬ್ರಿನ್, ಗಾಯ ಮಾಯುವ ಲಕ್ಷಣ. ಅದನ್ನು ಮುಟ್ಟಬೇಡಿ. ಹೊಲಿಗೆ ಕಪ್ಪು ರೇಷ್ಮೆ ದಾರದ್ದಾದರೆ ಸುಮಾರು ಒಂದು ವಾರಕ್ಕೆ ಬಂದು ತೆಗೆಸಬೇಕು. ಕರಗುವ ದಾರವಾದರೆ ತಾನೇ ಬೀಳುತ್ತದೆ. ಯಾವುದು ಹಾಕಿದ್ದಾರೆ ಅಂತ ಹೊರಡುವ ಮೊದಲೇ ಕೇಳಿಟ್ಟುಕೊಳ್ಳಿ. ಕೆಲವು ವಾರಗಳ ಮೇಲೆ ಒಸಡಿನಿಂದ ಸಣ್ಣ ಮೂಳೆ ಚೂರು ಚುಚ್ಚಿದಂತೆ ಹೊರಗೆ ಬರಬಹುದು. ಹಲ್ಲು ಅರ್ಧ ಉಳಿದಿದೆ ಅಂತ ಜಗಳಕ್ಕೆ ಹೋಗುವ ಮೊದಲು ತೋರಿಸಿ, ಬಹಳ ಸಲ ಅದು ಒಡೆದ ಮೂಳೆಯ ಅಂಚು ಅಷ್ಟೇ.

ಎಲೆ ಅಡಿಕೆ, ಹೊಗೆಸೊಪ್ಪು. ಇದು ಅಡಿಕೆ ಬೆಳೆಯುವ ಸೀಮೆ, ಎಷ್ಟೋ ಮನೆಗಳ ಅನ್ನ ಅದರಿಂದ ಬರುತ್ತದೆ ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕು ಸೇರದ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಯಿತು, ಆದರೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ತಗೊಂಡು ಕೈಯಲ್ಲೇ ಬೆರೆಸುತ್ತಾರೆ. ಅಡಿಕೆ ಅಗಿಯುವವರ ಕೆನ್ನೆಯ ಒಳಗೆ ನಾರು ಕಟ್ಟಿ ಬಾಯಿ ತೆರೆಯುವುದೇ ಕಡಿಮೆ ಆಗುತ್ತದೆ. ಅಂಥ ಬಾಯಲ್ಲಿ ಹಲ್ಲು ಕೀಳುವುದೂ ಕಷ್ಟ, ಆಮೇಲಿನ ಚೇತರಿಕೆಯೂ ಕಷ್ಟ. ಹಲ್ಲು ಕಿತ್ತ ವಾರ ಹೇಗೂ ಬಾಯಿಗೆ ಹಾಕಲು ಆಗುವುದಿಲ್ಲ. ಬಿಡಬೇಕು ಅಂತ ಯೋಚನೆ ಇದ್ದವರಿಗೆ ಆ ವಾರ ಒಳ್ಳೆಯ ಅವಕಾಶ, ನಮ್ಮನ್ನು ಕೇಳಿ, ಬಿಡಲು ಸಹಾಯ ಇದೆ. ಮತ್ತೆ ಒಂದು ಮಾತು, ಹಲ್ಲು ಕಿತ್ತ ಗಾಯವಾಗಲಿ, ಬಾಯಿಯ ಬೇರೆ ಹುಣ್ಣಾಗಲಿ ಮೂರು ವಾರವಾದರೂ ಮಾಯುವ ಲಕ್ಷಣವೇ ಕಾಣದಿದ್ದರೆ, ಮಾಂಸ ಬೆಳೆದಂತೆ ಕಂಡರೆ, ಮುಲಾಮು ಹಚ್ಚುತ್ತಾ ಕೂರಬೇಡಿ. ತುಣುಕು ತೆಗೆದು ಪರೀಕ್ಷೆ ಮಾಡಿಸಲೇಬೇಕು.

ಯಾವಾಗ ಓಡಿ ಬರಬೇಕು? ಮೂರನೇ ದಿನದ ಮೇಲೆ ಇಳಿಯಬೇಕಾದ ಊತ ಏರುತ್ತಾ ಹೋದರೆ. 101 ಡಿಗ್ರಿ ದಾಟಿದ ಜ್ವರ ಬಂದರೆ. ಕೀವು ಸುರಿದರೆ. ಮಾರನೇ ದಿನವೂ ತುಟಿ ಅಥವಾ ನಾಲಿಗೆಯ ಜೋಮು ಇಳಿಯದಿದ್ದರೆ ಕೂಡ ತಿಳಿಸಿ. ಅದು ನರಕ್ಕೆ ಆದ ಪೆಟ್ಟು ಇರಬಹುದು, ಹೆಚ್ಚಿನವರಿಗೆ ವಾರಗಳಲ್ಲಿ, ತಿಂಗಳುಗಳಲ್ಲಿ ಸರಿಹೋಗುತ್ತದೆ, ಆದರೆ ನಾವು ಗಮನಿಸುತ್ತಾ ಇರಬೇಕು. ಇವುಗಳಿಗಿಂತ ದೊಡ್ಡ ಅಪಾಯ ಇನ್ನೊಂದು. ನಾಲಿಗೆಯ ಕೆಳಗೆ, ಗದ್ದದ ಅಡಿ, ಕುತ್ತಿಗೆ ಕಡೆ ಊತ ಗಟ್ಟಿಯಾಗಿ ಹರಡುತ್ತಿದ್ದರೆ, ಎಂಜಲು ನುಂಗಲೂ ಆಗದಿದ್ದರೆ, ದನಿ ಬದಲಾಗಿದ್ದರೆ, ಉಸಿರು ಕಟ್ಟಿದಂತಾದರೆ 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಗೇ ಹೋಗಿ. ಜರ್ಮನಿಯ ಲುಡ್ವಿಗ್ ಎಂಬ ವೈದ್ಯರು 1836ರಲ್ಲಿ ವಿವರಿಸಿದ ಈ ಸೋಂಕು ಅವರ ಹೆಸರಲ್ಲೇ ಇದೆ, ಲುಡ್ವಿಗ್ಸ್ ಆಂಜೈನಾ. ಅದು ಉಸಿರಿನ ದಾರಿಯನ್ನೇ ಮುಚ್ಚುತ್ತದೆ. ಇದರಲ್ಲಿ ಗಂಟೆಗಳ ಲೆಕ್ಕ. ನಾಳೆ ಬೆಳಗ್ಗೆ ಕ್ಲಿನಿಕ್ ತೆಗೆಯಲಿ ಅನ್ನುವ ಮಾತು ಬೇಡ.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗಳು.

'ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತೆ ಅಂತಾರಲ್ಲ ಡಾಕ್ಟ್ರೇ?' ಅಂತ ಹಿರಿಯರೊಬ್ಬರು ಕೇಳಿದರು. ಇಲ್ಲ ಯಜಮಾನ್ರೇ. ದೃಷ್ಟಿಯ ನರ ಬೇರೆ, ಹಲ್ಲಿನ ನರ ಬೇರೆ. ಹಲ್ಲು ಕೀಳಿಸುವ ವಯಸ್ಸಿಗೇ ಕಣ್ಣಿನ ಪೊರೆಯೂ ಬರುತ್ತದೆ, ಎರಡನ್ನೂ ಸೇರಿಸಿ ಹೇಳಿರಬಹುದು. ಈ ಹೆದರಿಕೆಯಿಂದ ಕೊಳೆತ ಹಲ್ಲನ್ನು ಬಾಯಲ್ಲೇ ಇಟ್ಟುಕೊಂಡರೆ ಸೋಂಕು ಕಣ್ಣಿನ ಸುತ್ತಲಿಗೂ ಹರಡಬಹುದು. ಮೇಲಿನ ದವಡೆ ಹಲ್ಲು ಕಿತ್ತಾಗ ನಿಜವಾಗಿ ಎಚ್ಚರ ಬೇಕಾದದ್ದು ಸೈನಸ್ ಬಗ್ಗೆ. ಅದು ಮೂಗಿಗೆ ಸೇರಿಕೊಂಡ, ಗಾಳಿ ತುಂಬಿದ ಪೊಳ್ಳು, ಬೇರಿನ ಮೇಲ್ಗಡೆಯೇ ಇರುತ್ತದೆ. ಕುಡಿದ ನೀರು ಮೂಗಿನಲ್ಲಿ ಬಂದರೆ ತಕ್ಷಣ ಹೇಳಿ. ಎರಡು ವಾರ ಜೋರಾಗಿ ಸಿಂಬಳ ಸೀಟಬೇಡಿ, ಸೀನು ಬಂದರೆ ತಡೆಹಿಡಿಯದೆ ಬಾಯಿ ತೆರೆದು ಬಿಡಿ.

ಒಬ್ಬ ಹೆಣ್ಣುಮಗಳು ಅತ್ತೆಯ ಬಗ್ಗೆ ಕೇಳಿದರು. ಹೃದಯಕ್ಕೆ ಸ್ಟೆಂಟ್ ಹಾಕಿದೆ, ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದೆ, ನಿಲ್ಲಿಸಿ ಕರೆತರಬೇಕಾ? ನೀವಾಗಿ ನಿಲ್ಲಿಸಬೇಡಿ ತಾಯಿ. ಬಾಯಿಯ ರಕ್ತವನ್ನು ನಾವು ಕಟ್ಟಿ, ಹೊಲಿದು ನಿಲ್ಲಿಸಬಹುದು. ಮಾತ್ರೆ ನಿಲ್ಲಿಸಿ ಸ್ಟೆಂಟಿನಲ್ಲಿ ರಕ್ತ ಕಟ್ಟಿಕೊಂಡರೆ ಅದು ಪ್ರಾಣಕ್ಕೇ ಬರುತ್ತದೆ. ಎರಡೂ ಕಡೆಯ ವೈದ್ಯರು ಮಾತಾಡಿಕೊಂಡು ತೀರ್ಮಾನ ಮಾಡಬೇಕು. ಮೂಳೆ ಸವೆತಕ್ಕೆ ಅಥವಾ ಕ್ಯಾನ್ಸರಿಗೆ ಜೊಲೆಡ್ರೋನಿಕ್ ಆಸಿಡ್ ಇಂಜೆಕ್ಷನ್, ಅಲೆಂಡ್ರೋನೇಟ್ ಮಾತ್ರೆ ತಗೊಂಡಿದ್ದರೆ ಅದನ್ನೂ ತಪ್ಪದೆ ಹೇಳಿ. ಅಂಥವರಿಗೆ ಹಲ್ಲು ಕಿತ್ತ ಮೇಲೆ ದವಡೆ ಮೂಳೆ ಮಾಯದೆ ಉಳಿಯುವ ಅಪಾಯ ಇದೆ, ಮೊದಲೇ ಗೊತ್ತಿದ್ದರೆ ಬೇರೆ ರೀತಿ ಯೋಜನೆ ಮಾಡುತ್ತೇವೆ.

ಬಾಯಿ ಯಾವಾಗ ಪೂರ್ತಿ ತೆರೆಯುತ್ತೆ ಅಂತ ಇನ್ನೊಬ್ಬರು ಕೇಳಿದರು. ಸಾಮಾನ್ಯವಾಗಿ ಒಂದೆರಡು ವಾರ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ಹಿಡಿಸಿದರೆ ಸರಿಯಾಗಿದೆ ಅಂತ ಲೆಕ್ಕ. ಮೂರು ನಾಲ್ಕನೇ ದಿನದಿಂದ, ಹಿತವಾಗಿ ಆಗುವಷ್ಟು ಮಾತ್ರ, ದಿನಕ್ಕೆ ಹಲವು ಸಲ ತೆರೆದು ಮುಚ್ಚಿ ಅಭ್ಯಾಸ ಮಾಡಿ. ದಿನದಿಂದ ದಿನಕ್ಕೆ ಹೆಚ್ಚು ಬಿಗಿಯುತ್ತಿದ್ದರೆ ತೋರಿಸಿ.

ಕೊನೆಯ ಪ್ರಶ್ನೆ ಒಬ್ಬ ವಿದ್ಯಾರ್ಥಿನಿಯದು. ಹಾಸ್ಟೆಲಲ್ಲಿ ಇದ್ದೀನಿ, ಮನೆಯವರು ದೂರ, ಒಬ್ಬಳೇ ಹೇಗೆ ಮಾಡಲಿ ಅಂತ. ಬುದ್ಧಿ ಹಲ್ಲು ತೊಂದರೆ ಕೊಡುವುದು ಹೆಚ್ಚಾಗಿ 17ರಿಂದ 25ರ ವಯಸ್ಸಲ್ಲೇ, ಕಾಲೇಜುಗಳ ಈ ಊರಲ್ಲಿ ಇದು ಬಹಳ ಜನರ ಪ್ರಶ್ನೆ. ಪರೀಕ್ಷೆಯ ವಾರ ಬೇಡ, ರಜೆಗೆ ಊರಿಗೆ ಹೋಗುವವರೆಗೆ ಕಾಯಬಹುದಾ ಅಂತ ಮೊದಲು ಡಾಕ್ಟರನ್ನು ಕೇಳಮ್ಮ. ಕಾಯಲು ಆಗದಿದ್ದರೆ ಬೆಳಗಿನ ಹೊತ್ತೇ ಮಾಡಿಸಿಕೋ, ರಕ್ತ ಬಂದರೂ ಹಗಲಲ್ಲೇ ಗೊತ್ತಾಗುತ್ತದೆ. ಹಾಲು, ಮೊಸರು, ಬಾಳೆಹಣ್ಣು, ಗಾಜ್, ಮಾತ್ರೆ ಎಲ್ಲ ಹಿಂದಿನ ದಿನವೇ ತಂದಿಡು. ಮೆಸ್ಸಿನಲ್ಲಿ ಖಾರ ಹಾಕದ ಬೇಳೆ, ಮೆತ್ತನೆ ಅನ್ನ ತೆಗೆದಿಡಲು ಹೇಳು, ವಾರ್ಡನ್ನಿಗೂ ತಿಳಿಸಿರು. ರೂಮ್‌ಮೇಟಿಗೆ ನಮ್ಮ ನಂಬರ್ ಕೊಡು, ರಾತ್ರಿ ಮಲಗುವ ಮುಂಚೆ ಒಮ್ಮೆ, ಬೆಳಗ್ಗೆ ಒಮ್ಮೆ ನೋಡಲು ಹೇಳು. ಮಾತಾಡಲು ನೋವಾದರೆ ವಾಟ್ಸಾಪ್‌ನಲ್ಲಿ ಬರೆದು ಕಳಿಸು, ಓದುತ್ತೇವೆ.